ಮುಳುಗುವ ಹೋಟೆಲ್ ಉಳಿಸುವ ಟೀವಿ ಶೋಗಳು ನಿಜಾನಾ? ಲೆಕ್ಕ ಬರೆಯುವವನ ಉತ್ತರ

ತುಮಕೂರಿನಲ್ಲಿ ಸಣ್ಣ ಹೋಟೆಲ್, ಬೇಕರಿ, ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಬ್ಯಾಂಕ್ ಲೋನ್‌ಗೆ ಬೇಕಾದ ಕಾಗದ ಪತ್ರ ಎಲ್ಲ ನೋಡಿಕೊಳ್ಳುತ್ತೇನೆ. ಅದಕ್ಕೇ ಇರಬೇಕು, ಒಂದು ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. "ಸಾರ್, ನಷ್ಟದಲ್ಲಿರೋ ಹೋಟೆಲ್‌ಗೆ ಒಬ್ಬ ದೊಡ್ಡ ಮನುಷ್ಯ ಬಂದು, ಬೈದು, ಒಂದು ವಾರದಲ್ಲಿ ಸರಿ ಮಾಡಿ ಹೋಗ್ತಾನಲ್ಲ, ಆ ಶೋಗಳು ನಿಜಾನಾ?" ಬ್ರಿಟನ್ನಿನ ಹೆಸರಾಂತ ಬಾಣಸಿಗ ಗಾರ್ಡನ್ ರಾಮ್ಸೆ ಇಂಥ ಶೋನಲ್ಲಿ ಅಡುಗೆಮನೆಯಲ್ಲಿ ಕೂಗಾಡುವ ತುಣುಕು ಈಗ ಎಲ್ಲರ ಫೋನಿಗೂ ಬಂದಿದೆ. ಕೇಳುವವರಲ್ಲಿ ಹೆಚ್ಚಿನವರು ಸುಮ್ನೆ ಕೇಳುತ್ತಿಲ್ಲ. ಅವರ ಅಂಗಡಿಯೂ ಕಷ್ಟದಲ್ಲಿರುತ್ತದೆ. ಆ ಶೋನಲ್ಲಿ ಕಂಡ ಹಾಗೆ ಮಾಡಿದರೆ ತಮ್ಮದೂ ಉಳಿಯಬಹುದಾ ಅನ್ನುವ ಆಸೆ ಅವರಿಗೆ. ಹಾಗಾಗಿ ಉತ್ತರವನ್ನು ಸರಿಯಾಗಿ ಕೊಡಬೇಕು ಅನಿಸುತ್ತದೆ.

ಅಲ್ಲಿ ತೋರಿಸುವ ತೊಂದರೆ ಬಹುಮಟ್ಟಿಗೆ ನಿಜ. ಕೊನೆಯ ಐದು ನಿಮಿಷದಲ್ಲಿ ತೋರಿಸುವ ಪರಿಹಾರವನ್ನು ಮಾತ್ರ ನಾನು ನಂಬುವುದಿಲ್ಲ.

ಇಂಥ ಶೋಗಳು ಹೊಸದೇನಲ್ಲ. ಬ್ರಿಟನ್ನಿನ ಬಿಬಿಸಿಯಲ್ಲಿ 1990ರಲ್ಲೇ ಕಂಪನಿಗಳಿಗೆ ಹೋಗಿ ಸಲಹೆ ಕೊಡುವ 'ಟ್ರಬಲ್‌ಶೂಟರ್' ಬಂದಿತ್ತು. ರಾಮ್ಸೆಯ 'ಕಿಚನ್ ನೈಟ್‌ಮೇರ್ಸ್' 2004ರಲ್ಲಿ ಬ್ರಿಟನ್ನಿನದೇ ಚಾನೆಲ್ 4ರಲ್ಲಿ ಶುರುವಾಯಿತು. 2007ರಲ್ಲಿ ಅಮೆರಿಕಕ್ಕೆ ಹೋಯಿತು. 2011ರಲ್ಲಿ ಬಾರ್‌ಗಳಿಗಾಗಿ 'ಬಾರ್ ರೆಸ್ಕ್ಯೂ' ಬಂತು. ಅದೇ ವರ್ಷ ಎರಡೇ ದಿನದಲ್ಲಿ, ಹತ್ತು ಸಾವಿರ ಡಾಲರಿನಲ್ಲಿ ಹೋಟೆಲ್ ಬದಲಿಸುವ 'ರೆಸ್ಟೋರೆಂಟ್: ಇಂಪಾಸಿಬಲ್' ಬಂತು.

ಶೂಟಿಂಗ್ ನಡೆಯುವುದು ಕೆಲವೇ ದಿನ. ಆ ಕೆಲವು ದಿನದ ಗಂಟೆಗಟ್ಟಲೆ ದೃಶ್ಯವನ್ನು ಮುಕ್ಕಾಲು ಗಂಟೆಗೆ ಇಳಿಸುತ್ತಾರೆ. ಒಬ್ಬರು ಹೇಳಿದ ಮಾತಿಗೆ ಇನ್ನೊಬ್ಬರು ಬೇರೆ ಹೊತ್ತಿನಲ್ಲಿ ಮುಖ ಸಿಂಡರಿಸಿದ್ದನ್ನು ಅಂಟಿಸಬಹುದು. ಎರಡು ವಾಕ್ಯ ಕತ್ತರಿಸಿ ಒಂದು ಮಾಡಬಹುದು. ರಿಯಾಲಿಟಿ ಶೋಗಳ ಎಡಿಟಿಂಗ್‌ನಲ್ಲಿ ಇದೆಲ್ಲ ದಿನನಿತ್ಯದ ಕೆಲಸ. ಅದಕ್ಕೂ ಮೊದಲು ಹೋಟೆಲ್ ಆರಿಸುವಾಗಲೇ ಅರ್ಧ ಕಥೆ ತಯಾರಾಗಿರುತ್ತದೆ. ಗಂಡ ಹೆಂಡತಿ ಮಾತಾಡದ ಹೋಟೆಲ್, ಅಪ್ಪ ಮಗ ಕಿತ್ತಾಡುವ ಹೋಟೆಲ್ ಇದ್ದರೆ ಟೀವಿಗೆ ಒಳ್ಳೆಯದು. ಮೆಲ್ಲಗೆ, ಸದ್ದಿಲ್ಲದೆ ನಷ್ಟಕ್ಕೆ ಜಾರುವ ಹೋಟೆಲ್ ಅವರಿಗೆ ಬೇಡ. ನನ್ನ ಅನುಭವದಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚುವುದು ಸದ್ದಿಲ್ಲದೆ.

ಹಾಗಾದರೆ ಎಲ್ಲ ನಾಟಕಾನಾ? ಹಾಗೆ ಹೇಳುವುದೂ ತಪ್ಪು. ರಾಮ್ಸೆಯ ಮೊದಲ ಸಂಚಿಕೆ ಇಂಗ್ಲೆಂಡಿನ ಸಿಲ್ಸ್‌ಡನ್ ಅನ್ನುವ ಊರಿನ 'ಬೊನಾಪಾರ್ಟ್ಸ್' ಹೋಟೆಲಿನದು. ಅದರ ದೃಶ್ಯಗಳನ್ನು ಬೇಕಂತಲೇ ಹೊಂದಿಸಿದ್ದಾರೆ ಎಂದು 'ಈವ್ನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆ ಬರೆಯಿತು. ರಾಮ್ಸೆ ಮಾನನಷ್ಟ ಕೇಸ್ ಹಾಕಿದರು. 2006ರಲ್ಲಿ ಪತ್ರಿಕೆ ಕ್ಷಮೆ ಕೇಳಿ 75,000 ಪೌಂಡ್ ಪರಿಹಾರ ಕೊಟ್ಟಿತು. ಆದರೆ ಆ ಹೋಟೆಲ್ ಉಳಿಯಲಿಲ್ಲ, ಮುಚ್ಚಿಹೋಯಿತು. ನನಗೆ ಮುಖ್ಯ ಅನಿಸುವುದು ಇದೇ. ಸುಳ್ಳು ಎಂದವರು ಕ್ಷಮೆ ಕೇಳಬೇಕಾಯಿತು, ಆದರೂ ಹೋಟೆಲ್ ಬದುಕಲಿಲ್ಲ. ದೃಶ್ಯ ನಿಜವಾ ಅನ್ನುವುದು ಒಂದು ಪ್ರಶ್ನೆ, ಔಷಧಿ ನಿಜವಾ ಅನ್ನುವುದು ಇನ್ನೊಂದು. ನಾವು ಎರಡನ್ನೂ ಸೇರಿಸಿ ಕೇಳುತ್ತೇವೆ.

ಅಮೆರಿಕದ ಸರಣಿಯಲ್ಲಿ ಬಂದ ಹೋಟೆಲ್‌ಗಳಲ್ಲಿ ಬಹುಪಾಲು ಇವತ್ತು ಇಲ್ಲ. ಇದನ್ನು ಹೇಳಿ "ನೋಡಿ, ಎಲ್ಲ ಮೋಸ" ಅನ್ನುವವರಿದ್ದಾರೆ. ಅದೂ ನ್ಯಾಯವಲ್ಲ. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೋಟೆಲ್‌ಗಳ ಮೇಲೆ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಮೊದಲ ವರ್ಷದಲ್ಲೇ ಸುಮಾರು ಕಾಲು ಭಾಗ, ಮೂರು ವರ್ಷದೊಳಗೆ ಸುಮಾರು 60% ಮುಚ್ಚಿದ್ದವು ಇಲ್ಲವೇ ಕೈ ಬದಲಾಗಿದ್ದವು. ಟೀವಿಯ ಸಹವಾಸವೇ ಇಲ್ಲದ ಹೋಟೆಲ್‌ಗಳ ಗತಿಯೇ ಹೀಗೆ. ಟೀವಿಯವರ ಹತ್ತಿರ ಹೋಗುವುದಂತೂ ಆಗಲೇ ಕುತ್ತಿಗೆವರೆಗೆ ಮುಳುಗಿದವರು.

ಒಂದು ವಿಷಯದಲ್ಲಿ ಈ ಶೋಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಫ್ರಿಜ್ ತೆಗೆದು, ಹಳಸಿದ್ದನ್ನು ಎತ್ತಿ ಮಾಲೀಕನ ಮೂಗಿಗೆ ಹಿಡಿಯುತ್ತಾರಲ್ಲ, ಅದು. ನಮ್ಮ ಕಡೆ ಗಿರಾಕಿ ಹಾಗೆ ಮುಖಕ್ಕೆ ಹೇಳುವುದಿಲ್ಲ. ಸಾಂಬಾರ್ ಹುಳಿ ಬಂದಿದ್ದರೆ ಅರ್ಧ ತಿಂದು, ದುಡ್ಡು ಕೊಟ್ಟು, ಎದ್ದು ಹೋಗುತ್ತಾನೆ. ಮತ್ತೆ ಬರುವುದಿಲ್ಲ. ಮಾಲೀಕನಿಗೆ ಕಾರಣವೇ ತಿಳಿಯುವುದಿಲ್ಲ. ತನ್ನ ಹೋಟೆಲಿನ ಊಟವನ್ನು ತಾನೇ ಕೂತು ಉಣ್ಣದ ಮಾಲೀಕರು ಎಷ್ಟು ಜನ ಇದ್ದಾರೆ ಅಂದರೆ ನೀವು ನಂಬುವುದಿಲ್ಲ.

ಮೆನು ಚಿಕ್ಕದು ಮಾಡಿ ಅನ್ನುವ ಸಲಹೆಯೂ ಒಳ್ಳೆಯದೇ. ರಾಮ್ಸೆ ಹೆಚ್ಚುಕಡಿಮೆ ಪ್ರತಿ ಸಲವೂ ಹೇಳುವುದು ಅದನ್ನೇ. ಅದಕ್ಕೆ ಸಾಕ್ಷಿ ಬೇಕಾದರೆ ನಾವು ಲಂಡನ್‌ಗೆ ಹೋಗಬೇಕಾಗಿಲ್ಲ, ನಮ್ಮ ತುಮಕೂರಿನ ಕ್ಯಾತ್ಸಂದ್ರಕ್ಕೆ ಹೋದರೆ ಸಾಕು. ತಟ್ಟೆ ಇಡ್ಲಿ, ಚಟ್ನಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ವಡೆ. ಇಷ್ಟಕ್ಕೇ ಬೆಂಗಳೂರಿನಿಂದ ಬರುವ ಕಾರುಗಳು ನಿಲ್ಲುತ್ತವೆ. ಬೇಳೆ, ಅಕ್ಕಿ ಲೆಕ್ಕ ಬಾಯಲ್ಲೇ ಇರುತ್ತದೆ, ಉಳಿಯುವುದು ಕಡಿಮೆ, ಎಸೆಯುವುದು ಕಡಿಮೆ. ಅದೇ ತುಮಕೂರು ಪಟ್ಟಣದೊಳಗೆ ಬಿ.ಎಚ್. ರಸ್ತೆಯಲ್ಲಿ ಹೊಸದಾಗಿ ತೆರೆಯುವ ಹೋಟೆಲ್‌ಗಳ ಮೆನು ನೋಡಿ. ಸೌತ್, ನಾರ್ತ್, ಚೈನೀಸ್, ಪಿಜ್ಜಾ ಎಲ್ಲ ಇರುತ್ತದೆ. ದಿನಕ್ಕೆ ನಾಲ್ಕು ಪ್ಲೇಟ್ ಹೋಗುವ ಪನೀರ್‌ಗೆ ಒಂದು ಫ್ರೀಜರ್ ಇಡೀ ರಾತ್ರಿ ಓಡುತ್ತಿರುತ್ತದೆ.

ಈಗ ಆ ಶೋಗಳು ತೋರಿಸದ ಭಾಗಕ್ಕೆ ಬರುತ್ತೇನೆ. ಒಂದು ಊಹೆಯ ಹೋಟೆಲ್ ಇಟ್ಟುಕೊಳ್ಳಿ. ದಿನಕ್ಕೆ 6,000 ರೂಪಾಯಿ ವ್ಯಾಪಾರ, ತಿಂಗಳಿಗೆ 26 ದಿನ. ಒಟ್ಟು 1,56,000. ದಿನಸಿ, ತರಕಾರಿ, ಹಾಲಿಗೆ ಅದರಲ್ಲಿ 40%, ಅಂದರೆ 62,400. ಮೂವರು ಕೆಲಸದವರಿಗೆ 45,000. ಬಾಡಿಗೆ 18,000. ಗ್ಯಾಸ್, ಕರೆಂಟ್, ನೀರಿಗೆ 17,000. ಕೈಯಲ್ಲಿ ಉಳಿದದ್ದು 13,600. ಈ ಮನುಷ್ಯ ಐದು ಲಕ್ಷ ಮುದ್ರಾ ಸಾಲ ತೆಗೆದಿದ್ದಾನೆ ಅನ್ನೋಣ. ಐದು ವರ್ಷಕ್ಕೆ, 11% ಬಡ್ಡಿಗೆ ಕಂತು ಸುಮಾರು 10,900. ಅಡ್ವಾನ್ಸ್ ಕೊಡಲು ಎರಡು ಲಕ್ಷ ಕೈಸಾಲ ಬೇರೆ ಮಾಡಿದ್ದಾನೆ, ಮೂರು ರೂಪಾಯಿ ಬಡ್ಡಿಗೆ. ಅದಕ್ಕೆ ತಿಂಗಳಿಗೆ 6,000. ಮನೆಗೆ ಒಂದು ಪೈಸೆ ಒಯ್ಯುವ ಮೊದಲೇ 3,300 ಕೊರತೆ. ಮನೆ ಖರ್ಚು 20,000 ಅಂದರೂ ಪ್ರತಿ ತಿಂಗಳು 23,300 ಎಲ್ಲಿಂದಲೋ ತರಬೇಕು. ತರುವುದು ಇನ್ನೊಂದು ಚೀಟಿ ಎತ್ತಿ.

ಈ ಹೋಟೆಲಿನಲ್ಲಿ ಅಡುಗೆ ಚೆನ್ನಾಗಿದೆ. ಕ್ಲೀನ್ ಆಗಿದೆ. ಗಿರಾಕಿಗಳೂ ಬರುತ್ತಾರೆ. ಬರುವ ದೊಡ್ಡ ಮನುಷ್ಯ ಯಾರಿಗೆ ಬೈಯಬೇಕು?

ಸರಿ, ಬಂದು ಗೋಡೆಗೆ ಬಣ್ಣ ಬಳಿದು ವ್ಯಾಪಾರವನ್ನು ಕಾಲು ಭಾಗ ಜಾಸ್ತಿ ಮಾಡಿಸಿದ ಅನ್ನಿ. ದಿನಕ್ಕೆ 7,500. ಹೆಚ್ಚಿನ ವ್ಯಾಪಾರದಲ್ಲಿ ದಿನಸಿ ಖರ್ಚು ಕಳೆದರೆ ತಿಂಗಳಿಗೆ 23,400 ಬರುತ್ತದೆ, ಕೊರತೆ ತುಂಬಿತು. ಟೀವಿ ಅಲ್ಲಿಗೆ ಮುಗಿಯುತ್ತದೆ. ಆದರೆ ಮೊದಲು ವರ್ಷಕ್ಕೆ 18.7 ಲಕ್ಷ ಇದ್ದ ವ್ಯಾಪಾರ ಈಗ 23.4 ಲಕ್ಷ. ಹೋಟೆಲ್ ಅಂದರೆ ಸೇವೆ, 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕಾಂಪೋಸಿಷನ್‌ಗೆ (ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಪದ್ಧತಿ) ಹೋದರೆ ವ್ಯಾಪಾರದ ಮೇಲೆ 5% ಕಟ್ಟಬೇಕು, ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ತಿಂಗಳಿಗೆ 9,750. ಮತ್ತೆ ಕೊರತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ರಾಜ್ಯದ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತಿಟ್ಟರಲ್ಲ, ಆ ಭಯ ಎಲ್ಲಿಂದ ಬಂತು ಅಂತ ಈ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

ಇದೇ ಹೋಟೆಲಿಗೆ ನಾನು ಮೊದಲು ಮಾಡುವ ಕೆಲಸ ಆ ಮೂರು ರೂಪಾಯಿ ಬಡ್ಡಿಯ ಸಾಲ ತೀರಿಸುವ ದಾರಿ ಹುಡುಕುವುದು. ಎರಡು ಲಕ್ಷವನ್ನು 12%ಗೆ ಬ್ಯಾಂಕಿಗೆ ಬದಲಾಯಿಸಿದರೆ ತಿಂಗಳ ಬಡ್ಡಿ 6,000ದಿಂದ 2,000ಕ್ಕೆ ಇಳಿಯುತ್ತದೆ. ಒಂದು ಇಡ್ಲಿ ಜಾಸ್ತಿ ಮಾರದೆ ನಾಲ್ಕು ಸಾವಿರ ಉಳಿಯಿತು. ಆದರೆ ಬ್ಯಾಂಕಿಗೆ ರಿಟರ್ನ್ ಬೇಕು, ಖಾತೆಯಲ್ಲಿ ವ್ಯಾಪಾರ ಕಾಣಬೇಕು. ಗಲ್ಲಾದಿಂದ ಮಗಳ ಫೀಸು, ಹಬ್ಬದ ಬಟ್ಟೆ, ಬೈಕಿನ ಪೆಟ್ರೋಲ್ ಎಲ್ಲ ಬರೆಯದೆ ತೆಗೆದಿದ್ದರೆ ಯಾವ ಮ್ಯಾನೇಜರ್ ಕೂಡ ಫೈಲ್ ಮುಟ್ಟುವುದಿಲ್ಲ. ಇದನ್ನೆಲ್ಲ ಸರಿ ಮಾಡಲು ತಿಂಗಳುಗಳು ಬೇಕು. ನೋಡುವುದಕ್ಕೆ ಏನೂ ಇಲ್ಲ. ಒಬ್ಬ ಮಾಲೀಕ ರಾತ್ರಿ ಹತ್ತಕ್ಕೆ ಕೂತು ನೋಟ್‌ಬುಕ್‌ನಲ್ಲಿ ಬರೆಯುತ್ತಾನೆ, ಅಷ್ಟೇ. ಯಾವ ಚಾನೆಲ್ ಇದನ್ನು ತೋರಿಸುತ್ತದೆ?

ಅಂಕಿ ಅಂಶ ತೋರಿಸುವ ಶೋ ಒಂದಿತ್ತು. 2013ರಲ್ಲಿ ಅಮೆರಿಕದ ಸಿಎನ್‌ಬಿಸಿ ಚಾನೆಲಿನಲ್ಲಿ ಶುರುವಾದ 'ದ ಪ್ರಾಫಿಟ್'. ಮಾರ್ಕಸ್ ಲೆಮೋನಿಸ್ ಎಂಬ ಉದ್ಯಮಿ ಸ್ವಂತ ದುಡ್ಡು ಹಾಕಿ, ಪಾಲು ತೆಗೆದುಕೊಂಡು, ಲೆಕ್ಕದ ಪುಸ್ತಕ ತೆಗೆಸುತ್ತಿದ್ದರು. ನೋಡಿ ಕಲಿಯುವುದಿದ್ದರೆ ಇದನ್ನು ನೋಡಿ ಎನ್ನುತ್ತೇನೆ. ಆದರೆ ಅಲ್ಲೂ ಕೆಲವು ಮಾಲೀಕರು ಆಮೇಲೆ ಅವರ ಮೇಲೆ ಕೋರ್ಟಿಗೆ ಹೋದರು. ಉದ್ಯಮಿಗಳು ಹೂಡಿಕೆ ಕೇಳಿಕೊಂಡು ಬರುವ ನಮ್ಮ 'ಶಾರ್ಕ್ ಟ್ಯಾಂಕ್ ಇಂಡಿಯಾ'ದಲ್ಲೂ ಹಾಗೇ, ವೇದಿಕೆಯ ಮೇಲೆ ಕೈಕುಲುಕಿದ ಎಲ್ಲ ಡೀಲೂ ದುಡ್ಡಾಗಿ ಕೈಗೆ ಬರುವುದಿಲ್ಲ. ಆಮೇಲೆ ಲೆಕ್ಕ ಪರಿಶೀಲನೆ ಇರುತ್ತದೆ.

ಸಲಹೆ ಕೊಡುವವರು ಎಷ್ಟೇ ದೊಡ್ಡವರಾದರೂ ಕೆಲವು ದಿನದಲ್ಲಿ ವ್ಯಾಪಾರದ ಒಳಗುಟ್ಟು ತಿಳಿಯುವುದು ಕಷ್ಟ. ಆಗಲೇ ಹೇಳಿದ 'ಟ್ರಬಲ್‌ಶೂಟರ್'ನಲ್ಲಿ ಬರುತ್ತಿದ್ದವರು ಸರ್ ಜಾನ್ ಹಾರ್ವೆ ಜೋನ್ಸ್. ಐಸಿಐಯಂಥ ದೈತ್ಯ ರಾಸಾಯನಿಕ ಕಂಪನಿ ನಡೆಸಿದ್ದವರು. ಅವರು ಮಾರ್ಗನ್ ಎಂಬ ಸಣ್ಣ ಕಾರ್ ಕಂಪನಿಗೆ ಹೋಗಿ, ಉತ್ಪಾದನೆ ಜಾಸ್ತಿ ಮಾಡಿ ಎಂದರು. ಮಾಲೀಕರ ಕುಟುಂಬ ಒಪ್ಪಲಿಲ್ಲ. ಗಿರಾಕಿಗಳು ವರ್ಷಗಟ್ಟಲೆ ಕಾಯುವುದೇ ಆ ಕಾರಿನ ಬೆಲೆ ಉಳಿಸಿದೆ ಅನ್ನುವುದು ಆ ಕುಟುಂಬದ ನಂಬಿಕೆಯಾಗಿತ್ತು. ಮಾರ್ಗನ್ 2009ರಲ್ಲಿ ನೂರು ವರ್ಷ ಪೂರೈಸಿತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕಡಲ್ಗಳ್ಳರ ವೇಷದ 'ಪೈರಟ್ಸ್ ಟ್ಯಾವರ್ನ್' ಎಂಬ ಬಾರ್ ಇತ್ತು. 'ಬಾರ್ ರೆಸ್ಕ್ಯೂ' ತಂಡ ಅದನ್ನು 2012ರಲ್ಲಿ ಆಫೀಸಿನವರಿಗೆ ಹಿಡಿಸುವ ಮಾಮೂಲಿ ಬಾರ್ ಮಾಡಿಕೊಟ್ಟಿತು. ಮಾಲೀಕರು ಸ್ವಲ್ಪ ದಿನಕ್ಕೇ ಹಳೆ ವೇಷಕ್ಕೆ ವಾಪಸ್ ಬಂದರು. 2015ರಲ್ಲಿ ಅದು ಮುಚ್ಚಿತು. ಇಲ್ಲಿ ಯಾರು ಸರಿ ಅಂತ ನಾನು ಹೇಳಲಾರೆ. ಮಾಲೀಕನಿಗೆ ಮನಸ್ಸಿಲ್ಲದ ಬೋರ್ಡು ಬಾಗಿಲ ಮೇಲೆ ನಿಲ್ಲುವುದಿಲ್ಲ ಅನ್ನುವುದಂತೂ ಕಾಣುತ್ತದೆ.

"ಕನ್ನಡದಲ್ಲೂ ಇಂಥ ಶೋ ಬಂದರೆ ಚೆನ್ನಾಗಿರುತ್ತೆ ಅಲ್ವಾ ಸಾರ್?" ಅಂತಲೂ ಕೇಳುತ್ತಾರೆ. ಇದಕ್ಕೆ ಮಾತ್ರ ನನಗೆ ನಿಜವಾದ ಆತಂಕ ಇದೆ. ನಮ್ಮೂರಿನ ಸಣ್ಣ ಹೋಟೆಲ್ ನಿಂತಿರುವುದು ಉದ್ರಿಯ ಮೇಲೆ. ಮಂಡಿಪೇಟೆಯ ದಿನಸಿ ವ್ಯಾಪಾರಿಗಳು ಅಕ್ಕಿ, ಬೇಳೆ, ಎಣ್ಣೆಯನ್ನು ಮುಖ ನೋಡಿ ಕೊಡುತ್ತಾರೆ, ಹದಿನೈದು ದಿನ ಬಿಟ್ಟು ವಸೂಲಿಗೆ ಬರುತ್ತಾರೆ. ಹಾಲಿನವರೂ ಹಾಗೇ, ತರಕಾರಿಯವರೂ ಹಾಗೇ. "ನನ್ನ ಹೋಟೆಲ್ ಮುಳುಗ್ತಿದೆ" ಅಂತ ಒಬ್ಬ ಟೀವಿಯಲ್ಲಿ ಅತ್ತರೆ, ಮಾರನೇ ದಿನ ಬೆಳಿಗ್ಗೆ ಎಲ್ಲರೂ ಬಾಕಿ ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ. ಚೀಟಿಯವರು ಜಾಮೀನುದಾರನಿಗೆ ಫೋನ್ ಮಾಡುತ್ತಾರೆ. ಇನ್ನೂ ಆರು ತಿಂಗಳು ಎಳೆಯಬಹುದಾಗಿದ್ದ ಹೋಟೆಲ್ ವಾರದಲ್ಲಿ ಬಾಗಿಲು ಹಾಕುತ್ತದೆ. ಮನೆಯವರ ಮದುವೆ ಮಾತುಕತೆಗೂ ಅದರ ಬಿಸಿ ತಟ್ಟುತ್ತದೆ. ಅಮೆರಿಕದ ಸ್ಕಾಟ್ಸ್‌ಡೇಲ್‌ನ 'ಏಮೀಸ್ ಬೇಕಿಂಗ್ ಕಂಪನಿ' 2013ರಲ್ಲಿ ರಾಮ್ಸೆಯ ಶೋನಲ್ಲಿ ಬಂದಾಗ ಜಗತ್ತೇ ಅದರ ಮಾಲೀಕ ದಂಪತಿಯ ಮೇಲೆ ಮುಗಿಬಿತ್ತು. ಅವರ ನಡತೆ ಸರಿಯಿರಲಿಲ್ಲ, ನಿಜ. ಆದರೆ ಕಷ್ಟದಲ್ಲಿರುವವರನ್ನು ಅಷ್ಟು ಜನರ ಮುಂದೆ ನಿಲ್ಲಿಸುವುದು ನನಗೆ ಸಂಕಟ ತರುತ್ತದೆ.

ಮಾಡಲೇಬೇಕು ಅಂದರೆ ಹೀಗೆ ಮಾಡಲಿ. ಅಂಗಡಿ ಹೆಸರು, ಮುಖ ತೋರಿಸುವುದು ಬೇಡ. ಕ್ಯಾತ್ಸಂದ್ರದ ಒಬ್ಬ ಹಳೆ ಇಡ್ಲಿ ಹೋಟೆಲಿನವರನ್ನೂ, ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರನ್ನೂ ಕೂರಿಸಲಿ. ಬಾಡಿಗೆ ಕರಾರು, ಸಾಲದ ಕಂತು, ಗಲ್ಲಾದಿಂದ ಮನೆಗೆ ಹೋಗುವ ದುಡ್ಡು, ಮೂರನ್ನೂ ಬಿಚ್ಚಿಡಲಿ. ಬಾಡಿಗೆ ಇಳಿಸಲು ಕಟ್ಟಡದ ಮಾಲೀಕರ ಹತ್ತಿರ ಮಾತಾಡುವುದನ್ನು ತೋರಿಸಲಿ. ಒಂದು ವರ್ಷ ಆದ ಮೇಲೆ ಅದೇ ಅಂಗಡಿಗೆ ಹೋಗಿ, ಕೈಸಾಲ ಎಷ್ಟು ಇಳಿದಿದೆ ಅಂತ ಕೇಳಲಿ. ಆ ಸಂಚಿಕೆ ಬಂದ ದಿನ ನನ್ನ ಹತ್ತಿರ ಬರುವ ಎಲ್ಲರಿಗೂ ನಾನೇ ಫೋನ್ ಮಾಡಿ ನೋಡಿ ಅನ್ನುತ್ತೇನೆ.