ಮಾಸ್ತರರ ನಿಷಾದ, ಮಗಳ ಷಡ್ಜ

ಕೌಲ್ ಬಜಾರಿನ ಗೋದಾಮೊಂದರಲ್ಲಿ, ಜೀನ್ಸ್ ಬಟ್ಟೆಯ ಥಾನುಗಳ ಹಿಂದೆ, ತಾಡಪತ್ರಿ ಹೊದ್ದು ನಿಂತಿತ್ತು ಅದು. ಒಂದು ಕಾಲಕ್ಕೆ ಮದುವೆ, ಗಣಪತಿ ಹಬ್ಬ ಅಂತ ಬಳ್ಳಾರಿ ಸುತ್ತಮುತ್ತ ಬಾರಿಸುತ್ತಿದ್ದ ಆರ್ಕೆಸ್ಟ್ರಾದವರ ಎಲೆಕ್ಟ್ರಿಕ್ ಆರ್ಗನ್. ಬಗಲಲ್ಲಿ ಇಟ್ಟುಕೊಂಡು ಹೋಗುವ ಕ್ಯಾಸಿಯೊ ಬಂದ ಮೇಲೆ ಈ ಭಾರವನ್ನು ಹೊರುವವರು ಯಾರು? ಆರ್ಕೆಸ್ಟ್ರಾವೂ ಮುಚ್ಚಿತು, ಇದು ಗುಜರಿಗೆ ಹೋಗುವುದೊಂದು ಬಾಕಿ ಇತ್ತು.

ಗೋದಾಮಿನ ಸಾವುಕಾರರು "ಹಚ್ಚಿ ತೋರಸ್ತೀನಿ ತಡೀರಿ" ಎಂದು ಪ್ಲಗ್ ಹಿಡಿದೇ ಬಂದರು. ನಾನು ಕೈ ಅಡ್ಡ ಹಾಕಿದೆ. ಹಿಂದಿನ ತಗಡಿನ ಮೇಲೆ 100 ವೋಲ್ಟ್ ಅಂತ ಇತ್ತು. ಜಪಾನಿನಲ್ಲಿ ಮಾಡಿದ್ದು, ಅಲ್ಲಿನ ಮನೆಗಳಲ್ಲಿ ಬರುವ ಕರೆಂಟೇ ಅಷ್ಟು. ನಮ್ಮ 230 ಕೊಟ್ಟಿದ್ದರೆ ನಾನು ಅಲ್ಲಿಂದ ತರುತ್ತಿದ್ದದ್ದು ಬರೀ ಕಟ್ಟಿಗೆ. ವೋಲ್ಟೇಜ್ ಇಳಿಸಲು ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಾಕು, ಅದು ದೊಡ್ಡ ಮಾತಲ್ಲ. 1935ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಹ್ಯಾಮಂಡ್ ಆರ್ಗನ್ ಆಗಿದ್ದರೆ ಪಜೀತಿ ಬೇರೆಯೇ ಇತ್ತು. ಅದರಲ್ಲಿ ಮೋಟಾರು ತಿರುಗಿಸುವ ಹಲ್ಲಿನ ಚಕ್ರಗಳಿಂದ ಸ್ವರ ಹುಟ್ಟುತ್ತದೆ. ಮೋಟಾರಿನ ವೇಗ ಕರೆಂಟಿನ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದನ್ನು, ಹಿಡಿದು ನಡೆಯುತ್ತದೆ. 60 ಹರ್ಟ್ಸ್‌ಗೆ ಮಾಡಿದ್ದನ್ನು ನಮ್ಮ 50ಕ್ಕೆ ಹಚ್ಚಿದರೆ ಇಡೀ ವಾದ್ಯವೇ ಮೂರು ಮನೆ, ಅಂದರೆ ಮೂರು ಕೀಲಿಯಷ್ಟು, ಕೆಳಗಿಳಿದು ನುಡಿಯುತ್ತದೆ. ನನ್ನದು ಟ್ರಾನ್ಸಿಸ್ಟರ್ ಆರ್ಗನ್, ಆ ಕಾಟವಿಲ್ಲ.

ಮನೆಗೆ ತಂದು ಹಿಂದಿನ ಹಲಗೆ ಬಿಚ್ಚಿದರೆ ಒಳಗೆಲ್ಲಾ ಕೆಂಪು. ಅದಿರಿನ ಲಾರಿಗಳು ಓಡಾಡಿದ ಊರಲ್ಲಿ ಯಾವ ಪೆಟ್ಟಿಗೆ ಬಿಚ್ಚಿದರೂ ಇದೇ ದೂಳು. ಇಲಿಯ ಹಿಕ್ಕೆ, ಒಂದು ಗುಟ್ಕಾ ಚೀಟಿ, ಯಾರದೋ ಮದುವೆಯ ಹಾಡಿನ ಪಟ್ಟಿ. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದು, "ಇದನ್ನ ಅಂಗಳದಾಗ ಝಾಡಿಸಿ ಒಳಗ ತರ್ರಿ" ಎಂದಳು. ತಂದದ್ದಾಗಿತ್ತು.

ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿ ಪಳಗಿದ ಕೈ ನನ್ನದು. ಹಳೆಯ ಸಾಮಾನಿಗೆ ಒಮ್ಮೆಲೇ ಕರೆಂಟು ಕೊಡುವುದಿಲ್ಲ. ನಡುವೆ ಸೀರೀಸ್ ಬಲ್ಬ್ ಹಾಕುತ್ತೇನೆ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಬಹುದು. ಅದಕ್ಕೆ ತಂತಿಯ ಬಲ್ಬೇ ಬೇಕು, ಎಲ್‌ಇಡಿ ನಡೆಯುವುದಿಲ್ಲ. ಆ ಬಲ್ಬು ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಅದನ್ನು ಹುಡುಕಿದ್ದೇ ಒಂದು ಕೆಲಸವಾಯಿತು. ಬಲ್ಬು ಮಂಕಾಯಿತು. ಸ್ಪೀಕರಿನಿಂದ ಮಾತ್ರ 'ಗುಂಯ್' ಎನ್ನುವ ಸದ್ದು. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರುಗಳು ಒಣಗಿದ್ದವು. ಹೊಸವು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಂದವು. ಹಾಕಿದ ಮೇಲೆ ಗುಂಯ್ ನಿಂತಿತು.

ಬೆರಳಿಗೆ ಕೆಲಸ ಕೊಟ್ಟದ್ದು ಕೀಲಿಗಳು. ಪ್ರತಿ ಕೀಲಿಯ ಕೆಳಗೆ ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ತಂತಿಗಳಿದ್ದು, ಒತ್ತಿದಾಗ ಅಡ್ಡ ಸರಳಿಗೆ ತಾಗುತ್ತವೆ. ಅವು ಕಪ್ಪಿಟ್ಟಿದ್ದರಿಂದ ಅರ್ಧ ಮನೆಗಳು ಮೂಕ, ಉಳಿದವು ಕರಕರ. ಉಪ್ಪುಕಾಗದ ಹಚ್ಚಿದರೆ ಮೇಲಿನ ಲೇಪ ಹೋಗಿ ಮತ್ತೆ ಬೇಗ ಕಪ್ಪಿಡುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ ಬಟ್ಟೆಯ ಸಣ್ಣ ಪಟ್ಟಿಯಿಂದ ಒಂದೊಂದನ್ನೇ ಒರೆಸಬೇಕು. ಕೀಲಿಯ ಕೆಳಗಿನ ಫೆಲ್ಟ್ ಹುಳ ತಿಂದು ಪುಡಿಯಾಗಿತ್ತು. ಅದರ ಬದಲಿಗೆ ಸಾವುಕಾರರು ಕೊಟ್ಟ ಜೀನ್ಸ್ ಚೂರುಗಳನ್ನೇ ಎರಡು ಪದರ ಅಂಟಿಸಿದೆ. ಫೆಲ್ಟಿನ ಮೆತ್ತಗೆ ಇಲ್ಲ, ಜೋರಾಗಿ ಬಾರಿಸಿದರೆ ಟಕ್ ಅನ್ನುತ್ತದೆ. ಬಳ್ಳಾರಿಯ ಆರ್ಗನ್ ಅಂದಮೇಲೆ ಅಷ್ಟು ಇರಲಿ.

ಈ ಆರ್ಗನ್ನಿನ ಒಳಗಿನ ಲೆಕ್ಕ ನನಗೆ ಬಹಳ ಹಿಡಿಸಿತು. ಡಬಲ್ ರೀಡಿನ ಪೇಟಿಯಲ್ಲಿ, ಅಂದರೆ ಹಾರ್ಮೋನಿಯಂನಲ್ಲಿ, ಎಂಬತ್ತರ ಆಸುಪಾಸು ಸ್ವರಪಟ್ಟಿಗಳಿರುತ್ತವೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಹಾಗೆ ಪ್ರತಿಯೊಂದನ್ನೂ ಕೂಡಿಸಬೇಕು. ಇದರಲ್ಲಿ ಸ್ವರ ಹುಟ್ಟಿಸುವ ಆಸಿಲೇಟರ್‌ಗಳು ಹನ್ನೆರಡೇ, ಎಲ್ಲಾ ಮೇಲಿನ ಸಪ್ತಕದವು. ಅಲ್ಲಿಂದ ಕೆಳಕ್ಕೆ ಒಂದೊಂದು ಸರ್ಕಿಟ್ ಎರಡು ಮಿಡಿತಕ್ಕೆ ಒಂದನ್ನು ಬಿಡುತ್ತಾ ಕಂಪನವನ್ನು ಅರ್ಧರ್ಧ ಮಾಡುತ್ತದೆ, ಅಲ್ಲಿಗೆ ಕೆಳಗಿನ ಸಪ್ತಕ ತಯಾರು. ಹೀಗಾಗಿ ರೋಗ ಹುಡುಕುವುದೂ ಸಲೀಸು. ಪಂಚಮ ಎಲ್ಲಾ ಸಪ್ತಕದಲ್ಲೂ ಬೇಸೂರಾಗಿದ್ದರೆ ಆಸಿಲೇಟರ್ ನೋಡು. ಮೇಲೆ ನುಡಿದು ಒಂದು ಹಂತದಿಂದ ಕೆಳಗೆ ಸತ್ತಿದ್ದರೆ ಆ ಹಂತದ ಟ್ರಾನ್ಸಿಸ್ಟರ್ ನೋಡು. ಆಸಿಲೇಟರ್‌ಗಳ ಹನ್ನೆರಡು ಕಾಯಿಲ್‌ಗಳ ತಿರುಪು ಕೂಡಿಸಿದರೆ ಇಡೀ ವಾದ್ಯ ಕೂಡಿತು. ತಿರುಗಿಸಲು ಪ್ಲಾಸ್ಟಿಕ್ ಸ್ಕ್ರೂಡ್ರೈವರೇ ಬೇಕು. ಕಬ್ಬಿಣದ್ದು ಹತ್ತಿರ ಬಂದರೇ ಸ್ವರ ಸರಿಯುತ್ತದೆ, ತೆಗೆದರೆ ಮತ್ತೆಲ್ಲಿಗೋ ಹೋಗುತ್ತದೆ. ಫೋನಿನ ಟ್ಯೂನರ್ ಆ್ಯಪ್ ಹಚ್ಚಿ, ಹನ್ನೆರಡಕ್ಕೂ ಮುಳ್ಳು ಸೊನ್ನೆಗೆ ತಂದು ನಿಲ್ಲಿಸಿದೆ.

ಆಗ ಬಂದರು ನಮ್ಮ ಓಣಿಯ ಪೇಟಿ ಮಾಸ್ತರರು. ಕಂಪನಿ ನಾಟಕಗಳಲ್ಲಿ ಕಾಲುಪೇಟಿ ತುಳಿದವರು, ರಾಘವ ಕಲಾಮಂದಿರದ ರಂಗದ ಎದುರು ಕೂತು ಎಷ್ಟೋ ರಾತ್ರಿ ಬೆಳಗು ಮಾಡಿದವರು. ಕರಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲ ಕಪ್ಪು ಕೀಲಿಯಲ್ಲಿ, ಷಡ್ಜ ಹಿಡಿದು ಮೆಲ್ಲಗೆ ಏರಿದರು, ಗಂಧಾರದ ಮೇಲೆ ನಿಂತರು.

"ತಮ್ಮಾ, ಗಂಧಾರ ಏರೈತಿ."

"ಇಲ್ರೀ ಮಾಸ್ತರ್ರ, ನೋಡ್ರಿಲ್ಲಿ, ಫೋನಿನಾಗ ಸರಿ ತೋರಸ್ತೈತಿ."

"ಫೋನು ತಂಬೂರಿ ಕೇಳೈತೇನು?"

ಅವರೇ ಸರಿ, ಆ್ಯಪೂ ಸರಿ. ಕರಿ ಒಂದರ ಷಡ್ಜ 277.2 ಹರ್ಟ್ಸ್. ಅದರ ಒಂದೂಕಾಲು ಪಟ್ಟು, 346.5, ಸಹಜ ಗಂಧಾರ. ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವುದು ಅದೇ. ಸಪ್ತಕವನ್ನು ಹನ್ನೆರಡು ಸಮಪಾಲು ಮಾಡುವ ಆ್ಯಪ್ ಕೇಳುವುದು 349.2. ಎರಡೂಮುಕ್ಕಾಲು ಹರ್ಟ್ಸ್ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಷಡ್ಜದ ಜೊತೆ ಹಿಡಿದು ಕೇಳಿದರೆ ಒಳಗೊಂದು ಅಲೆ ನಡುಗುತ್ತದೆ, ಒಮ್ಮೆ ಕೇಳಿದ ಮೇಲೆ ಕಿವಿ ಅದನ್ನು ಬಿಡುವುದಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದಕ್ಕೆ ಇದೂ ಒಂದು ಕಾರಣ. ಆ ನಿಷೇಧ ಅತಿಯಾಯಿತು ಅನ್ನುವವನೇ ನಾನು. ಆದರೆ ಆ ಸಂಜೆ ತಕರಾರು ಎಲ್ಲಿಂದ ಹುಟ್ಟಿತು ಅಂತ ಕಿವಿಯಾರೆ ಕೇಳಿದೆ.

ಫೋನಿನಲ್ಲೇ ತಂಬೂರಿಯ ಆ್ಯಪ್ ಹಾಕಿದೆ. ಮಾಸ್ತರರು ನಕ್ಕರು, ಬೇಡ ಅನ್ನಲಿಲ್ಲ. ಸೆಕೆ ಇದ್ದರೂ ಫ್ಯಾನು ಬಂದ್ ಮಾಡಿ ಕೂತೆವು. ಅವರು ಕೀಲಿ ಒತ್ತಿ ಹಿಡಿದರು, ನಾನು ಹಿಂದೆ ಕೂತು ತಿರುಪು ತಿರುಗಿಸಿದೆ. "ಇಳಸು... ಇನ್ನೊಂಚೂರು... ಹಾಂ, ಬಿಡು." ಅಲೆ ನಿಂತಿತು. ಧೈವತ, ನಿಷಾದಗಳನ್ನೂ ಹಾಗೇ ಇಳಿಸಿದೆವು. ಆಮೇಲೆ ಅವರು ಒಂದು ರಂಗಗೀತೆ ಎತ್ತಿದರು. ಹೆಂಡತಿ ಅಡುಗೆ ಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು, ದೂಳಿನ ಮಾತು ಎತ್ತಲಿಲ್ಲ.

ಮರುದಿನ ಶಾಲೆಯಿಂದ ಬಂದ ಮಗಳು ಬಿಳಿ ಒಂದರಿಂದ ಸಿನಿಮಾ ಹಾಡು ಶುರು ಮಾಡಿ ಮುಖ ಕಿವಿಚಿದಳು. "ಅಪ್ಪಾ, ಏನ್ ಮಾಡಿಟ್ಟೀರಿ ಇದನ್ನ? ಸ ಪ ಕೂಡವಲ್ದು." ಕೂಡುವುದಾದರೂ ಹೇಗೆ? ನಾವು ಇಳಿಸಿಟ್ಟ ಮಾಸ್ತರರ ನಿಷಾದವೇ ಅವಳ ಷಡ್ಜ. ಒಬ್ಬರ ಶ್ರುತಿಗೆ ಪೂರ್ತಿ ಒಗ್ಗಿಸಿದ ವಾದ್ಯ ಇನ್ನೊಬ್ಬರಿಗೆ ಅಪಸ್ವರ, ಎಲ್ಲರಿಗೂ ಹೊಂದಿಸಿದ್ದರಲ್ಲಿ ಎಲ್ಲರಿಗೂ ಒಂಚೂರು ಬೇಸೂರು. ಪಶ್ಚಿಮದವರು ಎರಡನೆಯದನ್ನು ಒಪ್ಪಿಕೊಂಡು ಮುಂದೆ ಹೋದರು. ಮಾಸ್ತರರು ಒಪ್ಪಲಿಲ್ಲ, ನನ್ನ ಕಿವಿಯೂ ಅವರ ಕಡೆಗೇ ವಾಲುತ್ತದೆ. ಆದರೆ ದಿನಾ ಬಾರಿಸುವವಳು ಮಗಳು.

ಕಾಯಿಲ್‌ನ ಒಳಗಿನ ಫೆರೈಟ್ ತುಂಡನ್ನು ಪದೇ ಪದೇ ತಿರುಗಿಸಿದರೆ ಬಿರಿಯುತ್ತದೆ, ಬಿರಿದರೆ ಬದಲಿ ಸಿಗುವುದು ಕಷ್ಟ. ಅದಕ್ಕೇ ಮೂರು ತಿರುಪುಗಳ ಪಕ್ಕ ಎರಡೆರಡು ಗುರುತು ಹಾಕಿದ್ದೇನೆ. ಕೆಂಪು ಉಗುರುಬಣ್ಣದ್ದು ಮಗಳದು, ಬಿಳಿಯದು ಮಾಸ್ತರರದು. ತಿಂಗಳ ಮಾಮೂಲು ಕೆಂಪಿನಲ್ಲಿ. ಮಾಸ್ತರರು ಬರುವ ಅಮಾವಾಸ್ಯೆಯ ಭಜನೆಯ ದಿನ ಬಿಳಿಗೆ. ಹಿಂದಿನ ಹಲಗೆಗೆ ಈಗ ಎರಡೇ ಸ್ಕ್ರೂ ಬಿಟ್ಟಿದ್ದೇನೆ. ಕಾಲಿನ ಪೆಡಲುಗಳಲ್ಲಿ ಎರಡು ಇನ್ನೂ ನುಡಿಯುತ್ತಿಲ್ಲ, ಅವುಗಳ ಟ್ರಾನ್ಸಿಸ್ಟರ್ ಬರಬೇಕು.