ಎಫ್-35 ಕಿಟ್ ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ಮೈ

ಎಫ್-35 ಅಂದರೆ ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಅಮೆರಿಕದ ಯುದ್ಧವಿಮಾನ. ಅದರ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಕಿಟ್ ಬಗ್ಗೆ ವಿಚಾರಿಸುವವರು ಹೆಚ್ಚಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಒಳಗೆ ಎಷ್ಟು ತುಂಡುಗಳಿವೆ? ಬಾಂಬ್ ಇಡುವ ಹೊಟ್ಟೆಯ ಬಾಗಿಲು ತೆರೆದಿಡಬಹುದಾ? ನನಗೆ ಇವೆರಡೂ ಆಮೇಲಿನ ಮಾತು. ಡಬ್ಬಿ ಬಿಚ್ಚಿದ ತಕ್ಷಣ ನಾನು ವಿಮಾನದ ಬೆನ್ನಿನ ಭಾಗದ ದೊಡ್ಡ ತುಂಡನ್ನು ಎತ್ತಿಕೊಂಡು ಟೇಬಲ್ ಲ್ಯಾಂಪಿನ ಕೆಳಗೆ ಓರೆಯಾಗಿ ಹಿಡಿಯುತ್ತೇನೆ. ಬೆಳಕು ಅದರ ಮೇಲೆ ಹೇಗೆ ಜಾರುತ್ತದೆ ಅಂತ ನೋಡಿದರೆ ಕಿಟ್ ಮಾಡಿದವರು ಈ ವಿಮಾನವನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಯಾಕೆಂದರೆ ಎಫ್-35ರಲ್ಲಿ ಮೈಯೇ ಮುಖ್ಯ. ಎಫ್-16 ಅಥವಾ ಮಿಗ್-21 ಮಾಡೆಲ್ ಕಟ್ಟಿದವರಿಗೆ ಪ್ಯಾನಲ್ ಗೆರೆಗಳು ಗೊತ್ತಿರುತ್ತವೆ. ತಗಡುಗಳ ನಡುವಿನ ಸಂದುಗಳವು. ಕಿಟ್‌ನಲ್ಲಿ ಅವನ್ನು ಕೊರೆದಿರುತ್ತಾರೆ. ತೆಳು ಕಪ್ಪು ಬಣ್ಣ (ಇದಕ್ಕೆ ವಾಶ್ ಅನ್ನುತ್ತಾರೆ) ಹರಿಬಿಟ್ಟು ಒರೆಸಿದರೆ ಗೆರೆ ಎದ್ದು ಕಾಣುತ್ತದೆ. ಎಫ್-35ರಲ್ಲಿ ಕಥೆ ಬೇರೆ. ರೇಡಾರ್ ಅಲೆ ಸಂದುಗಳಿಗೆ ತಾಗಿ ವಾಪಸ್ ಹೋಗಬಾರದು ಅಂತ ಅವುಗಳ ಮೇಲೆ ಅಲೆ ಹೀರುವ ವಸ್ತುವಿನ ಪಟ್ಟಿ ಬಳಿದಿರುತ್ತಾರೆ. ಬಾಗಿಲುಗಳ ಅಂಚುಗಳೆಲ್ಲ ಗರಗಸದ ಹಲ್ಲಿನ ಹಾಗೆ. ಹಾಗಾಗಿ ಇಲ್ಲಿ ಬಹಳಷ್ಟು ಗೆರೆಗಳು ತಗ್ಗಲ್ಲ, ತುಸು ಉಬ್ಬು. ವಾಶ್ ಹರಿಬಿಡುವ ಹಳೆಯ ಅಭ್ಯಾಸ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ.

ಆ ಉಬ್ಬು ಎಷ್ಟಿರಬೇಕು? ಸುಮ್ನೆ ಲೆಕ್ಕ ಹಾಕಿ ನೋಡಿ. ನಿಜವಾದ ವಿಮಾನದಲ್ಲಿ ಪಟ್ಟಿ 1 ಮಿ.ಮೀ. ಎದ್ದಿದೆ ಅಂದುಕೊಳ್ಳೋಣ. 1/48 ಅಳತೆಯಲ್ಲಿ, ಅಂದರೆ ನಿಜವಾದದ್ದರ 48ರಲ್ಲಿ ಒಂದು ಪಾಲಾದಾಗ, ಅದು 0.02 ಮಿ.ಮೀ. ಆಗುತ್ತದೆ. 1/72ರಲ್ಲಿ ಇನ್ನೂ ಕಡಿಮೆ, 0.014. ತಲೆಗೂದಲು ಇದಕ್ಕಿಂತ ದಪ್ಪ. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರನ್ನು ಎರಡು ಕೋಟ್ ಹೊಡೆದರೆ ಪಟ್ಟಿ ಇದ್ದ ಜಾಗವೇ ಸಿಗುವುದಿಲ್ಲ. ಅಂದರೆ ಅಳತೆಗೆ ಪೂರ್ತಿ ನಿಷ್ಠೆಯಿಂದ ಕಿಟ್ ಮಾಡಿದರೆ ಉಬ್ಬು ಇರಲೇಬಾರದು. ಆದರೆ ಏನೂ ಇಲ್ಲದೆ ನುಣುಪಾಗಿ ಬಿಟ್ಟರೆ ಅದು ಎಫ್-35 ಅಂತ ಕಣ್ಣು ಒಪ್ಪುವುದಿಲ್ಲ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಪ್ರತಿ ಕಂಪನಿ ತನ್ನ ರೀತಿಯಲ್ಲಿ ತೀರ್ಮಾನಿಸಿದೆ.

ನನ್ನ ಕೆಲಸ ಡೆಂಟಲ್ ಲ್ಯಾಬ್‌ನಲ್ಲಿ. ದಿನವಿಡೀ ಹಲ್ಲಿನ ಕ್ಯಾಪ್ ಮಾಡುತ್ತೇನೆ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಕ್ಯಾಪ್ ವಾಪಸ್ ಬರುತ್ತದೆ. ಬಣ್ಣವನ್ನು ಶೇಡ್ ಗೈಡ್ ಇಟ್ಟು, ಬೆಳಕು ಬದಲಿಸಿ ಬದಲಿಸಿ ನೋಡುತ್ತೇವೆ. ಅದೇ ಕಣ್ಣು, ತಲೆಗೆ ಕಟ್ಟಿಕೊಳ್ಳುವ ಅದೇ ಲೆನ್ಸ್, ರಾತ್ರಿ ಮೈಸೂರಿನ ಮನೆಯ ಟೇಬಲ್ಲಿಗೂ ಬರುತ್ತವೆ.

ಈಗ ಕಿಟ್‌ಗಳಿಗೆ ಬರೋಣ. ನಾನು ಹೇಳುತ್ತಿರುವುದು ಎಫ್-35ಎ ಬಗ್ಗೆ. ಮಾಮೂಲಿ ರನ್‌ವೇಯಿಂದ ಏರುವ ಮಾದರಿ ಅದು. ಬಿ ಮಾದರಿಯಲ್ಲಿ ಪೈಲಟ್ ಹಿಂದೆ ದೊಡ್ಡ ಫ್ಯಾನ್ ಇರುತ್ತದೆ, ನೇರವಾಗಿ ಕೆಳಗಿಳಿಯಬಲ್ಲದು. ಸಿ ಮಾದರಿ ವಿಮಾನವಾಹಕ ಹಡಗಿಗೆ, ರೆಕ್ಕೆ ದೊಡ್ಡದು. ದೇಹದ ಒಳಗೇ ಗನ್ ಇರುವುದು ಎಯಲ್ಲಿ ಮಾತ್ರ. ಎಡ ಭುಜದ ಮೇಲೆ ಸಣ್ಣ ಉಬ್ಬು ಕಂಡರೆ ಅದು ಎ ಅಂತ ಗುರುತು ಹಿಡಿಯಬಹುದು.

1/48ರಲ್ಲಿ ಮೊದಲು ಮೂರೂ ಮಾದರಿಗಳನ್ನು ತಂದದ್ದು ಕಿಟ್ಟಿ ಹಾಕ್. ಆ ಕಂಪನಿ ಈಗ ಮುಚ್ಚಿದೆ. 2018ರಲ್ಲಿ ಚೀನಾದ ಮೆಂಗ್ ಬಂತು. 2022ರ ಕೊನೆಯಲ್ಲಿ ಜಪಾನಿನ ತಮಿಯಾ ಬಂತು. ನನ್ನ ಮನಸ್ಸಿನಲ್ಲಿ ನಿಜವಾದ ಪೈಪೋಟಿ ಇರುವುದು ಈ ಕೊನೆಯ ಎರಡರ ನಡುವೆ.

ಮೆಂಗ್‌ನ ಉಬ್ಬು ಪಟ್ಟಿಗಳು ದಿಟ್ಟವಾಗಿವೆ. ಬೆರಳು ಸವರಿದರೆ ಗೊತ್ತಾಗುತ್ತವೆ. ಬಣ್ಣ ಹೊಡೆದ ಮೇಲೂ ಉಳಿಯುತ್ತವೆ. ಬ್ರಷ್‌ನಿಂದ ಬಣ್ಣ ಹಚ್ಚುವವರಿಗೆ, ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಕೈಗೆ ಇನ್ನೂ ಒಗ್ಗದವರಿಗೆ ಇದು ದೊಡ್ಡ ಅನುಕೂಲ. ಒಣ ಬ್ರಷ್‌ಗೆ ತುಸು ತಿಳಿ ಬೂದು ತಾಗಿಸಿ ಮೇಲೆ ಸವರಿದರೆ ಸಾಕು, ಪಟ್ಟಿಗಳು ತಾವಾಗಿ ಎದ್ದು ಬರುತ್ತವೆ. ಒಂದು ಮಾರು ದೂರದಿಂದ ನೋಡಿದವರಿಗೂ ಇದು ಎಫ್-35 ಅಂತ ತಿಳಿಯುತ್ತದೆ.

ತಮಿಯಾದವರು ಮೆಲ್ಲಗೆ ಮಾತಾಡಿದ್ದಾರೆ. ಪಟ್ಟಿಗಳು ಅಲ್ಲೂ ಉಬ್ಬೇ, ಆದರೆ ಎತ್ತರ ಕಡಿಮೆ. ಲ್ಯಾಂಪ್ ತಲೆಯ ಮೇಲಿದ್ದರೆ ಕಾಣುವುದೇ ಇಲ್ಲ, ಪಕ್ಕಕ್ಕೆ ಸರಿಸಿದರೆ ಥಟ್ಟನೆ ಕಾಣುತ್ತವೆ. ನಿಜವಾದ ವಿಮಾನ ಇರುವುದೂ ಹಾಗೆಯೇ. ಬೆಲೆಬಾಳುವ ಕಿಟ್ ಅದು, ಕಸ್ಟಮ್ಸ್ ಸೇರಿದರೆ ಇನ್ನೂ ಜಾಸ್ತಿ. ಆದರೂ ಈ ಒಂದು ಕಾರಣಕ್ಕೆ ನನ್ನ ಓಟು ತಮಿಯಾಗೆ. ಬಣ್ಣವನ್ನು ಮಾತ್ರ ತುಂಬಾ ತೆಳುವಾಗಿ, ಮಂಜಿನ ಹಾಗೆ ಹೊಡೆಯಬೇಕು. ಪ್ರೈಮರ್ ದಪ್ಪಗಾದರೆ ಆ ಕಿಟ್‌ಗೆ ಕೊಟ್ಟ ದುಡ್ಡು ಬಣ್ಣದ ಕೆಳಗೆ ಹೂತುಹೋಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ ಕಿಟ್‌ನ ತುಂಡುಗಳನ್ನು ಜೋಡಿಸಿದ ಸಂದು ಎಲ್ಲಿ ಬೀಳುತ್ತದೆ ಅನ್ನುವುದು. ಕೊರೆದ ಗೆರೆಯ ಮೇಲೆ ಪುಟ್ಟಿ ಹಾಕಿ ಉಜ್ಜಿದರೆ ಗೆರೆಯನ್ನು ಮತ್ತೆ ಕೊರೆಯಬಹುದು. ಉಬ್ಬನ್ನು ಒಮ್ಮೆ ಸ್ಯಾಂಡ್‌ಪೇಪರ್ ತಿಂದರೆ ಮುಗಿಯಿತು, ಮತ್ತೆ ಕಟ್ಟುವುದು ಬಹಳ ಕಷ್ಟ. ಮೆಂಗ್, ತಮಿಯಾ ಎರಡೂ ದೇಹವನ್ನು ಮೇಲೆ-ಕೆಳಗೆ ಅಂತ ಸೀಳಿವೆ. ಹಾಗಾಗಿ ಜೋಡಣೆ ಪಕ್ಕದ ಚೂಪು ಅಂಚಿಗೆ ಬರುತ್ತದೆ, ಬೆನ್ನಿನ ಮಧ್ಯಕ್ಕೆ ಬರುವುದಿಲ್ಲ. ಮೂಗಿನಿಂದ ರೆಕ್ಕೆಯ ಬುಡದವರೆಗೆ ಓಡುವ ಆ ಅಂಚು ಈ ವಿಮಾನಕ್ಕೆ ಹುಟ್ಟಿನಿಂದಲೇ ಇದೆ. ಸಂದು ಅಲ್ಲೇ ಅಡಗಿಕೊಳ್ಳುತ್ತದೆ. ಅಂಟು ಹಚ್ಚುವಾಗ ಜಾಸ್ತಿ ಸುರಿಯದೆ, ತುಂಡುಗಳನ್ನು ಒತ್ತಿ ಹಿಡಿದು, ತೆಳು ಸಿಮೆಂಟನ್ನು (ನೀರಿನಂಥ ಪ್ಲಾಸ್ಟಿಕ್ ಅಂಟು) ಬ್ರಷ್ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಅದೇ ಒಳಗೆ ಓಡುತ್ತದೆ. ಉಜ್ಜುವ ಕೆಲಸವೇ ಉಳಿಯುವುದಿಲ್ಲ.

1/72ರಲ್ಲಿ ಹಸೆಗಾವಾ ಕಿಟ್ ನನಗೆ ಇಷ್ಟ. ಅದರಲ್ಲಿ ಹೊಟ್ಟೆಯ ಬಾಗಿಲು ಮುಚ್ಚಿಯೇ ಇದೆ. ಕೆಲವರಿಗೆ ಇದು ಕೊರತೆ ಅನ್ನಿಸುತ್ತದೆ. ರೇಡಾರ್ ಕಣ್ಣಿಗೆ ಬೀಳಬಾರದ ವಿಮಾನ ಬಾಗಿಲು ಮುಚ್ಚಿಕೊಂಡೇ ಅಲ್ವಾ ಹಾರುವುದು? ತೆರೆದಿಟ್ಟರೆ ಒಳಗಿನ ಪೈಪು, ವೈರುಗಳಿಗೆಲ್ಲ ಬಿಳಿ ಹೊಡೆದು, ಒಂದೊಂದಾಗಿ ಬಣ್ಣ ಹಚ್ಚಿ ಕೂರಬೇಕು. ಮಾಡೆಲನ್ನು ಮೇಜಿನ ಮೇಲಿಟ್ಟರೆ ಅದನ್ನು ಬಗ್ಗಿ ನೋಡುವವರು ಯಾರು? ಅಕಾಡೆಮಿ ಕಂಪನಿಯ, ಏಳು ದೇಶಗಳ ಡೆಕಾಲ್ (ಮಾಡೆಲ್ ಮೇಲೆ ಅಂಟಿಸುವ ಗುರುತುಗಳು) ಇರುವ 1/72 ಡಬ್ಬಿಯೂ ಒಳ್ಳೆಯದು. ಅಣ್ಣನ ಮಗ "ಅತ್ತೆ, ನಂಗೆ ಯಾವ್ದು ತಗೊಳ್ಳಲಿ?" ಅಂತ ಕೇಳಿದಾಗ ಅದನ್ನೇ ಹೇಳಿದೆ. ಯಾವ ದೇಶದ ವಿಮಾನ ಮಾಡುವುದು ಅಂತ ಯೋಚಿಸುವುದರಲ್ಲೇ ಹುಡುಗರಿಗೆ ಅರ್ಧ ಖುಷಿ. ಕಟ್ಟಿ ಮುಗಿದರೆ ಸುಮಾರು 22 ಸೆಂ.ಮೀ. ಉದ್ದ, ಪುಸ್ತಕದ ಕಪಾಟಿನಲ್ಲಿ ಹಿಡಿಸುತ್ತದೆ. 1/48 ಆದರೆ 33 ಸೆಂ.ಮೀ. ಹತ್ತಿರ ಬರುತ್ತದೆ.

ಬಣ್ಣದ ವಿಷಯ ಸ್ವಲ್ಪ ಹೇಳಲೇಬೇಕು. 2023ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಎಫ್-35 ಮೊದಲ ಬಾರಿ ಬಂತು. ನಾನು ಹೋಗಿದ್ದೆ. ಫೋಟೊಗಳಲ್ಲಿ ನೋಡಿ ಬೂದು ಬಣ್ಣ ಅಂದುಕೊಂಡಿದ್ದೆ. ಬಿಸಿಲಲ್ಲಿ ನಿಂತು ನೋಡಿದಾಗ ಅದು ಒಂದು ಬಣ್ಣ ಅಲ್ಲವೇ ಅಲ್ಲ. ಎದುರಿನಿಂದ ತುಸು ಕಂದು. ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದರೆ ಸೀಸದ ಹಾಗೆ ಮಿಣುಕು. ಬಣ್ಣದ ಒಳಗೇ ಲೋಹದ ಕಣಗಳಿರುವುದರಿಂದ ಹೀಗೆ. ಅಮೆರಿಕದ ಬಣ್ಣದ ಪಟ್ಟಿಯಲ್ಲಿ ಇದರ ಮೂಲ ಬೂದು ಎಫ್‌ಎಸ್ 36170. ಆ ನಂಬರಿನ ಬಾಟಲಿ ತಂದು ಹಾಗೇ ಹೊಡೆದರೆ ಮಾಡೆಲ್ ಸತ್ತ ಹಾಗೆ ಕಾಣುತ್ತದೆ.

ನಾನು ತಮಿಯಾ ಎಕ್ಸ್‌ಎಫ್-24 ಗಾಢ ಬೂದಿಗೆ ಎಕ್ಸ್‌ಎಫ್-56 ಲೋಹದ ಬೂದು ಬೆರೆಸುತ್ತೇನೆ. ಒಂದು ಹಳೆಯ ಚಮಚದ ಬೆನ್ನಿಗೆ ಹೊಡೆದು, ಕಿಟಕಿ ಹತ್ತಿರ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಮಿಣುಕು ನೇರವಾಗಿ ಕಂಡರೆ ಲೋಹ ಜಾಸ್ತಿಯಾಯಿತು. ಅಂಚಿನಲ್ಲಿ ಮಾತ್ರ ಕಂಡರೆ ಸರಿ. ಪಟ್ಟಿಗಳಿಗೆ ಬೇರೆ ಬಣ್ಣ ಹೊಡೆಯಬೇಕಾ ಅನ್ನುವುದು ನೀವು ಆರಿಸಿದ ವಿಮಾನದ ಮೇಲೆ ನಿಂತಿದೆ. ಮೊದಮೊದಲು ಬಂದವುಗಳಲ್ಲಿ ಪಟ್ಟಿಗಳು ತಿಳಿ ಬೂದು, ದೂರಕ್ಕೂ ಕಾಣುತ್ತಿದ್ದವು. ನಂತರದವು ಮೈಪೂರ್ತಿ ಒಂದೇ ಬಣ್ಣ. ಹಾಗಾಗಿ ಬಾಲದ ಮೇಲಿನ ನಂಬರು ನೋಡಿ, ಅದೇ ವಿಮಾನದ ಫೋಟೊ ಹುಡುಕಿ, ಆಮೇಲೆ ಬಣ್ಣ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪ್ ಕತ್ತರಿಸಿ. ಹಳೆಯ ವಿಮಾನ ಮಾಡುವವರಿಗೆ ಮೆಂಗ್ ಹೊಂದುತ್ತದೆ, ಹೊಸದಕ್ಕೆ ತಮಿಯಾ.

ಕಾಕ್‌ಪಿಟ್ ಗಾಜಿಗೆ ಹೊಗೆ ಬಣ್ಣದ ಜೊತೆ ಒಂದು ಹನಿ ಹಳದಿ ಸಾಕು. ತಮಿಯಾದಲ್ಲೇ ಎಕ್ಸ್-19, ಎಕ್ಸ್-24 ಅಂತ ಸಿಗುತ್ತವೆ, ಚೆನ್ನಾಗಿ ತೆಳು ಮಾಡಿ ಒಳಗಡೆಯಿಂದ ಹೊಡೆಯಿರಿ. ತೆರೆದಿಡುವುದಾದರೆ ನೆನಪಿರಲಿ, ಈ ಗಾಜು ಬಾಗುವುದು ಮುಂದಕ್ಕೆ. ಕೊನೆಯ ಮ್ಯಾಟ್ ವಾರ್ನಿಶನ್ನು ಜಿಟಿಜಿಟಿ ಮಳೆಯ ದಿನ ಹೊಡೆಯಬೇಡಿ. ತೇವಕ್ಕೆ ಬಿಳಿಚಿಕೊಂಡರೆ ಇಷ್ಟು ಕಷ್ಟಪಟ್ಟು ತಂದ ಮಿಣುಕು ಹೋಗಿಬಿಡುತ್ತದೆ.

2025ರ ಏರೋ ಇಂಡಿಯಾದಲ್ಲಿ ಎಫ್-35 ಜೊತೆ ರಷ್ಯಾದ ಸುಖೋಯ್-57 ಕೂಡ ಬಂದಿತ್ತು. ಜ್ವೆಜ್ದಾ ಕಂಪನಿಯ 1/48 ಸುಖೋಯ್-57 ಡಬ್ಬಿ ನನ್ನ ಮೇಜಿನ ಮೇಲೆ ಈಗ ಬಿಚ್ಚಿ ಕೂತಿದೆ. ಮುಂದಿನ ಬಾರಿ ಅದನ್ನು ತಮಿಯಾ ಪಕ್ಕ ಇಟ್ಟು ಬರೆಯುತ್ತೇನೆ.