ಒಂದು ಪದಕ್ಕೆ ಒಂದೇ ಟ್ಯಾಗ್ ಸಾಕೆನ್ನುವ ಟೂಲ್

ನಮ್ಮ ಟೆಸ್ಟಿನ ಇಂಗ್ಲಿಷ್ ವ್ಯಾಕರಣದ ಪ್ರಶ್ನೆ ಇದ್ದದ್ದು ಇಷ್ಟೇ: 'ಐರನ್' ಯಾವ ಬಗೆಯ ನೌನ್? ಆಯ್ಕೆಗಳು ಕಾಮನ್, ಮೆಟೀರಿಯಲ್, ಕಲೆಕ್ಟಿವ್, ಆ್ಯಬ್‌ಸ್ಟ್ರಾಕ್ಟ್. ಕೀಯಲ್ಲಿದ್ದ ಸರಿ ಉತ್ತರ ಮೆಟೀರಿಯಲ್. ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟದ ತಪಾಸಣೆಯಲ್ಲಿ, ಯಾರೂ ಎರಡನೇ ಸಲ ನೋಡದಂಥ ಪ್ರಶ್ನೆ. ಕೀ ಬಗ್ಗೆ ಆಕ್ಷೇಪ ಸಲ್ಲಿಸುವ ಆಬ್ಜೆಕ್ಷನ್ ವಿಂಡೋ ತೆರೆದದ್ದೇ ತಡ, ದೂರಿನ ಟಿಕೆಟ್ ಮೇಲೆ ಟಿಕೆಟ್.

ಬಂದವಕ್ಕೆಲ್ಲ 'ಕೀ ಸರಿಯಿದೆ' ಟೆಂಪ್ಲೇಟ್ ಅಂಟಿಸಿ ಬಲ್ಕ್ ಕ್ಲೋಸ್ ಹೊಡೆದೆ. ಅರ್ಧ ಮಾರ್ಕ್ಸಿಗೆ ಜಗ್ಗಾಡುವವರು ಯಾವ ಟೆಸ್ಟಿನಲ್ಲಿ ಇರುವುದಿಲ್ಲ, ಇವರೂ ಅವರೇ ಅಂದುಕೊಂಡಿದ್ದೆ. ಅದರಲ್ಲೊಂದು ರೀಓಪನ್ ಆಯಿತು. "ಸರ್, ಇಸ್ತ್ರಿ ಪೆಟ್ಟಿಗೆಯೂ ಐರನ್ನೇ. 'ಆ್ಯನ್ ಐರನ್' ಅಂತೀವಿ, 'ಟೂ ಐರನ್ಸ್' ಅಂತೀವಿ. ಅದು ಕಾಮನ್ ನೌನ್ ಅಲ್ವಾ? ಪ್ರಶ್ನೆಯಲ್ಲಿ ವಾಕ್ಯ ಎಲ್ಲಿದೆ?"

ಹೌದಲ್ಲ, ವಾಕ್ಯ ಎಲ್ಲಿದೆ? ರ‍್ಯಾಂಕ್ ಲಿಸ್ಟ್ ಪಬ್ಲಿಶ್ ಆಗಲು ಟೈಮರ್ ಓಡುತ್ತಿತ್ತು. ಲೀಡ್ ಮೇಡಂ ಕಾಲ್‌ನಲ್ಲಿ: "ಕೀ ನಿಲ್ಲುತ್ತಾ, ಪ್ರಶ್ನೆ ಡ್ರಾಪ್ ಮಾಡ್ಬೇಕಾ? ಎರಡರಲ್ಲಿ ಒಂದು ಹೇಳಿ." ಪ್ರಶ್ನೆಯ ಹಳೆಯ ರೂಪ ನೋಡಲು ವರ್ಷನ್ ಹಿಸ್ಟರಿ ಒತ್ತಿದರೆ ಚಕ್ರ ತಿರುಗುತ್ತಲೇ ಇದೆ. ಅತ್ತ ಮೇಡಂ "ಲೈನಲ್ಲಿ ಇದೀರಾ?" ಅನ್ನುತ್ತಿದ್ದಾರೆ. ಇದ್ದೇನೆ, ಹೇಳಲು ಬಾಯಿ ಬರುತ್ತಿಲ್ಲ ಅಷ್ಟೆ.

ಕೊನೆಗೂ ತೆರೆಯಿತು. ಮೂಲದಲ್ಲಿ 'ದ ಗೇಟ್ ಈಸ್ ಮೇಡ್ ಆಫ್ ಐರನ್' ಎಂಬ ವಾಕ್ಯವಿತ್ತು, ಐರನ್ ಕೆಳಗೆ ಗೆರೆಯಿತ್ತು. ಇಂಪೋರ್ಟ್‌ನಲ್ಲಿ ಗೆರೆ ಹಾರಿಹೋಗಿದೆ. ಗೆರೆಯೇ ಇಲ್ಲದ ಮೇಲೆ ವಾಕ್ಯ ಯಾಕೆಂದು, 'ಸ್ಟೆಮ್ (ಪ್ರಶ್ನೆಯ ಪಠ್ಯ) ಚಿಕ್ಕದಿರಲಿ' ಎಂಬ ಗೈಡ್‌ಲೈನ್ ಹಿಡಿದ ಎಡಿಟರ್ ಅದನ್ನೂ ಕತ್ತರಿಸಿದ್ದಾರೆ. ಡ್ರಾಪ್ ಮಾಡಿಸಿದೆ, ಎಲ್ಲರಿಗೂ ಬೋನಸ್. ಸರಿ ಉತ್ತರ ಕೊಟ್ಟವರ ಬೈಗುಳದ ಟಿಕೆಟ್‌ಗಳು ಆಮೇಲೆ ಬಂದವು. ಆ ಕತೆ ಬೇಡ.

ಪ್ರಶ್ನೆಗಳನ್ನು ಟ್ಯಾಗ್ ಮಾಡಿಡುವ ನಮ್ಮ ಟೂಲ್ ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆ್ಯಬ್‌ಸ್ಟ್ರಾಕ್ಟ್ ಎಂಬ ಶಾಲೆಯ ಐದರ ಪಟ್ಟಿಯನ್ನು ಹಾಗೇ ನುಂಗಿ ಕೂತಿದೆ. ಆ ಐದನ್ನು ಒಂದೇ ಅಳತೆ ಹಿಡಿದು ವಿಂಗಡಿಸಿದ್ದಲ್ಲ. ಹೆಸರು ಒಂದಕ್ಕೇ ಮೀಸಲೋ ಇಡೀ ವರ್ಗದ್ದೋ ಎನ್ನುವುದು ಪ್ರಾಪರ್-ಕಾಮನ್ ವಿಚಾರ. ಮುಟ್ಟಲು, ನೋಡಲು ಸಿಗುತ್ತದೋ ಇಲ್ಲವೋ ಎನ್ನುವುದು ಕಾಂಕ್ರೀಟ್-ಆ್ಯಬ್‌ಸ್ಟ್ರಾಕ್ಟ್ ವಿಚಾರ. ಎಣಿಸಲು ಬರುತ್ತದೋ (ಕೌಂಟಬಲ್) ಇಲ್ಲವೋ (ಅನ್‌ಕೌಂಟಬಲ್) ಎನ್ನುವುದು ಇನ್ನೊಂದೇ. 'ಟೀಮ್' ಕಲೆಕ್ಟಿವ್ ಕೂಡ, ಕಾಮನ್ ಕೂಡ, ಕೌಂಟಬಲ್ ಕೂಡ. ಟ್ಯಾಗ್ ಕಾಲಂನಲ್ಲಿ ಒಂದಕ್ಕೇ ಜಾಗ.

ಪ್ರಶ್ನೆ ಬ್ಯಾಂಕ್ ಜಾಲಾಡಿದಾಗ ಇಂಥವು ಎಷ್ಟು ಸಿಕ್ಕವೆಂದರೆ! 'ಯೂತ್' ಆ್ಯಬ್‌ಸ್ಟ್ರಾಕ್ಟ್ ಎಂದಿತ್ತು. 'ಇನ್ ಹಿಸ್ ಯೂತ್' ಎಂದರೆ ಸರಿ, 'ಎ ಯೂತ್ ವಾಸ್ ಅರೆಸ್ಟೆಡ್' ಎಂದರೆ ಅಲ್ಲಿ ಒಬ್ಬ ಹುಡುಗ ನಿಂತಿದ್ದಾನೆ. 'ಗ್ಲಾಸ್' ಗಾಜೂ ಹೌದು, ಲೋಟವೂ ಹೌದು. 'ಚಿಕನ್' ತಟ್ಟೆಯಲ್ಲಿದ್ದರೆ ಅನ್‌ಕೌಂಟಬಲ್, ಅಂಗಳದಲ್ಲಿ ಓಡಾಡುತ್ತಿದ್ದರೆ ಕೌಂಟಬಲ್. 'ಫರ್ನಿಚರ್' ಕಲೆಕ್ಟಿವ್ ಎಂದು ಟೀಮಿನ ಅರ್ಧ ಜನ ಈಗಲೂ ವಾದಿಸುತ್ತಾರೆ. ಅರ್ಥದಲ್ಲಿ ಗುಂಪೇ ಇರಬಹುದು, ಆದರೆ 'ಟೀಮ್ಸ್' ಆಗುವಂತೆ 'ಫರ್ನಿಚರ್ಸ್' ಆಗುವುದಿಲ್ಲ. ಒಂದು ಬೇಕೆಂದರೆ 'ಎ ಪೀಸ್ ಆಫ್ ಫರ್ನಿಚರ್' ಎನ್ನಬೇಕು. ಎಸ್ ಇದ್ದೂ 'ನ್ಯೂಸ್' ಏಕವಚನ, ಎಸ್ ಇಲ್ಲದೆಯೂ 'ಕ್ಯಾಟಲ್' ಬಹುವಚನ. 'ದ ಕಮಿಟಿ' ಮುಂದೆ 'ಹ್ಯಾಸ್' ಬರುತ್ತೋ 'ಹ್ಯಾವ್' ಬರುತ್ತೋ ಎಂಬ ಪ್ರಶ್ನೆಯನ್ನಂತೂ ನೋಡಿದಲ್ಲೇ ರಿಜೆಕ್ಟ್ ಮಾಡುತ್ತೇನೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತವೆ.

ಹೊಸಬರಿಗೆ ನಾನು ಹೇಳುವುದು ಒಂದೇ: ವಾಕ್ಯ ಇಲ್ಲದ ನೌನ್ ಪ್ರಶ್ನೆ ನನ್ನ ಕ್ಯೂಗೆ ಕಳಿಸಬೇಡಿ. ಪದದ ಹಿಂದೆ 'ಆ್ಯನ್' ಇದೆಯಾ, 'ಮಚ್' ಇದೆಯಾ, 'ಮೆನಿ' ಇದೆಯಾ ನೋಡಿ, ಆಮೇಲೆ ಕೀ ಹಾಕಿ.

ಟ್ಯಾಗ್ ಕಾಲಂಗೆ ಎರಡು ಮೌಲ್ಯ ಹಾಕಲು ಬಿಡಿ ಎಂದು ರಿಕ್ವೆಸ್ಟ್ ಹಾಕಿದ್ದೆ. 'ಲೋ ಪ್ರಯಾರಿಟಿ' ಎಂದು ಕ್ಲೋಸ್ ಆಗಿದೆ, ಅದೂ ಟೆಂಪ್ಲೇಟ್ ಉತ್ತರದಲ್ಲೇ.